ನನ್ನ ಸಾಫ್ಟ್‌ವೇರಿಗೆ ಲೈಸೆನ್ಸ್ ಕೀ ಮಾಡಿದ ಬಗೆ

ನಾನೊಂದು ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆದು ಒಬ್ಬನೇ ಮಾರುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಬಳಸುವವರ ಕಂಪ್ಯೂಟರಿನಲ್ಲೇ ಓಡುವ ಪ್ರೋಗ್ರಾಂ ಅಂದಮೇಲೆ ಹಟ ಹಿಡಿದು ಕೂತವರು ಅದನ್ನು ಕ್ರ್ಯಾಕ್ ಮಾಡಿಯೇ ಮಾಡುತ್ತಾರೆ, ಅಂದರೆ ಬೀಗ ಮುರಿದು ದುಡ್ಡು ಕೊಡದೆ ಬಳಸುತ್ತಾರೆ. ಅವರ ಜೊತೆ ಗುದ್ದಾಡೋಕೆ ನಾನು ಹೋಗಲಿಲ್ಲ. ಕೊಂಡವರು ತಮ್ಮ ಲೈಸೆನ್ಸ್ ಕೀಯನ್ನು (ದುಡ್ಡು ಕೊಟ್ಟಿದ್ದಾರೆ ಅಂತ ಪ್ರೋಗ್ರಾಮಿಗೆ ತೋರಿಸುವ ಗುರುತು) ಸುಮ್ನೆ ಹಂಚುವುದು ಕಡಿಮೆಯಾದರೆ ನನಗೆ ಸಾಕಿತ್ತು.

ಹಳೇ ಸೀರಿಯಲ್ ನಂಬರ್‌ಗಳಲ್ಲಿ ಒಂದು ಲೆಕ್ಕ ಇರುತ್ತಿತ್ತು. ವಿಂಡೋಸ್ 95ರ ಕೀಯನ್ನೇ ನೋಡಿ, ಕೊನೆಯ ಏಳು ಅಂಕಿ ಕೂಡಿದಾಗ 7ರಿಂದ ಭಾಗವಾದರೆ ಆಯಿತು, ಹಾಗಾಗಿ ಬರೀ ಒಂದುಗಳನ್ನು ಒತ್ತಿದರೂ ಒಳಗೆ ಬಿಡುತ್ತಿತ್ತು! ಲೆಕ್ಕ ಎಷ್ಟೇ ಕಷ್ಟದ್ದು ಇಟ್ಟರೂ ಅದು ಪ್ರೋಗ್ರಾಂ ಒಳಗೇ ಇರುತ್ತದೆ, ಅಲ್ವಾ? ಬಿಚ್ಚಿ ನೋಡಿದವರು ಕೀಜೆನ್, ಅಂದರೆ ಕಳ್ಳ ಕೀ ತಯಾರಿಸುವ ಪ್ರೋಗ್ರಾಂ, ಬರೆದುಬಿಡುತ್ತಾರೆ.

ಅದಕ್ಕೇ ನಾನು ಡಿಜಿಟಲ್ ಸಹಿ ಬಳಸಿದೆ. ಕೊಂಡವರ ಹೆಸರು, ಇಮೇಲ್, ಯಾವ ವರ್ಷನ್‌ವರೆಗೆ ನಡೆಯುತ್ತದೆ, ಇಷ್ಟನ್ನು ಒಂದು ಪುಟ್ಟ ಪಠ್ಯದಲ್ಲಿ ಬರೆದು ಎಡ್25519 (Ed25519) ಅನ್ನುವ ಸಹಿ ವಿಧಾನದಲ್ಲಿ, ನನ್ನ ಹತ್ತಿರ ಮಾತ್ರ ಇರುವ ಪ್ರೈವೇಟ್ ಕೀಯಿಂದ ಸಹಿ ಹಾಕುತ್ತೇನೆ. ಪ್ರೋಗ್ರಾಂ ಒಳಗೆ ಇರುವುದು ಅದರ ಜೋಡಿಯಾದ ಪಬ್ಲಿಕ್ ಕೀ ಮಾತ್ರ. ಅದರಿಂದ ಸಹಿ ಸರಿಯಾ ಅಂತ ನೋಡಬಹುದೇ ಹೊರತು ಹೊಸ ಸಹಿ ಹಾಕೋಕಾಗಲ್ಲ, ಅಲ್ಲಿಗೆ ಕೀಜೆನ್ ಕಥೆ ಮುಗಿಯಿತು. ಒಂದು ತೊಂದರೆ ಇದೆ: ಸಹಿಯೇ 64 ಬೈಟ್. ಬೇಸ್32ರಲ್ಲಿ, ಅಂದರೆ ಬರೀ 32 ಬಗೆಯ ಅಕ್ಷರ-ಅಂಕಿಗಳಲ್ಲಿ, ಬರೆದರೆ ನೂರಕ್ಕೂ ಜಾಸ್ತಿ ಅಕ್ಷರ, ಯಾರು ಟೈಪ್ ಮಾಡ್ತಾರೆ? ಲೈಸೆನ್ಸನ್ನು ಫೈಲಾಗಿ ಕಳಿಸುತ್ತೇನೆ, ವಿಂಡೋ ಮೇಲೆ ಎಳೆದು ಹಾಕಿದರೆ ಸಾಕು.

ಕೊಂಡವರ ಹೆಸರು ಪ್ರೋಗ್ರಾಂ ವಿಂಡೋದ ಮೇಲಿನ ಪಟ್ಟಿಯಲ್ಲಿ ಸದಾ ಕಾಣುತ್ತದೆ. ತನ್ನ ಹೆಸರಿರುವ ಕೀಯನ್ನು ಊರೆಲ್ಲಾ ಹಂಚೋಕೆ ಯಾರಿಗೂ ಮನಸ್ಸು ಬರಲ್ಲ. ನನ್ನ ಮಟ್ಟಿಗೆ ಬೇರೆ ಎಲ್ಲಾ ತಂತ್ರಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ. ಆದರೂ ಸೋರಿ ಹೋದ ಕೀಗಳ ಹ್ಯಾಶ್ (ಕೀಯಿಂದ ಲೆಕ್ಕ ಹಾಕಿ ತೆಗೆದ ಪುಟ್ಟ ಗುರುತು) ಪಟ್ಟಿಯನ್ನು ಮುಂದಿನ ಅಪ್‌ಡೇಟ್‌ನಲ್ಲಿ ಸೇರಿಸುತ್ತೇನೆ, ಅಲ್ಲಿಂದ ಆ ಕೀ ನಡೆಯಲ್ಲ.

ಇನ್ನು ಪ್ಯಾಚ್ ಮಾಡುವವರು, ಅಂದರೆ ಪ್ರೋಗ್ರಾಂ ಫೈಲನ್ನೇ ತಿದ್ದುವವರು. ಸಹಿ ಸರಿಯಿಲ್ಲದಿದ್ದರೆ ಆಚೆ ಹೋಗು ಅನ್ನುವ ಜಂಪ್ ಆದೇಶ ಕೋಡಿನಲ್ಲಿ ಇರುತ್ತದಲ್ಲ, ಹೆಕ್ಸ್‌ನಲ್ಲಿ (16ರ ಲೆಕ್ಕದ ಅಂಕಿಗಳಲ್ಲಿ) 74 ಇರುವ ಆ ಒಂದು ಬೈಟನ್ನು 75 ಮಾಡಿದರೆ ಷರತ್ತೇ ತಿರುಗಾಮುರುಗಾ ಆಗಿ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ತಪಾಸಣೆಯನ್ನು ಶುರುವಿನಲ್ಲಿ ಒಂದು ಕಡೆ, ಎಕ್ಸ್‌ಪೋರ್ಟ್ ಮಾಡುವಾಗ ಇನ್ನೊಂದು ಕಡೆ ಇಟ್ಟು ಸುಮ್ಮನಾದೆ. ಪ್ಯಾಕರ್ (ಪ್ರೋಗ್ರಾಂ ಫೈಲನ್ನು ಸುತ್ತಿ ಒಳಗಿನದು ಕಾಣದಂತೆ ಮಾಡುವ ಸಾಧನ) ಹಾಕಿ ಕೋಡ್ ಮುಚ್ಚಲಿಲ್ಲ, ಏಕೆಂದರೆ ಆ್ಯಂಟಿವೈರಸ್‌ಗಳು ಅಂಥ ಫೈಲನ್ನು ವೈರಸ್ ಅಂತ ಹಿಡಿಯೋದುಂಟು. ಕಳ್ಳ ಕೀ ಕಂಡರೆ ಗುಟ್ಟಾಗಿ ಫೈಲ್ ಕೆಡಿಸುವ ಉಪಾಯವಂತೂ ಬೇಡವೇ ಬೇಡ, ತಪಾಸಣೆಯಲ್ಲೇ ಬಗ್ ಇದ್ದರೆ ದುಡ್ಡು ಕೊಟ್ಟವರ ಕೆಲಸವೇ ಹಾಳಾಗುತ್ತದೆ.

ಲೈಸೆನ್ಸನ್ನು ಒಂದೇ ಕಂಪ್ಯೂಟರಿನ ಹಾರ್ಡ್‌ವೇರಿಗೆ ಕಟ್ಟಿಹಾಕುವುದನ್ನೂ ಬಿಟ್ಟೆ. ಡಿಸ್ಕ್ ಬದಲಾಯಿಸಿದರೆ ಲೈಸೆನ್ಸ್ ಹೋಯಿತು, ನೆಟ್‌ವರ್ಕ್ ಕಾರ್ಡ್ ಬದಲಾದರೂ ಹೋಯಿತು, ಆಮೇಲೆ ಆ ದೂರುಗಳಿಗೆಲ್ಲಾ ಉತ್ತರ ಬರೆಯೋನು ನಾನೇ ತಾನೆ. ಟ್ರಯಲ್ ಅವಧಿಗೆ ಕೊನೇ ಸಲ ಓಡಿದ ದಿನಾಂಕ ಬರೆದಿಡುತ್ತೇನೆ. ಅವಧಿ ಉಳಿಸಿಕೊಳ್ಳೋಕೆ ಕಂಪ್ಯೂಟರಿನ ಗಡಿಯಾರ ಹಿಂದೆ ತಿರುಗಿಸುವವರಿರುತ್ತಾರೆ. ಗಡಿಯಾರ ಹಿಂದೆ ಹೋಗಿದ್ದರೆ ಒಂದು ಸಂದೇಶ, ಅಷ್ಟೇ. ಬೋರ್ಡಿನ ಬ್ಯಾಟರಿ ಸತ್ತರೂ ಹಾಗಾಗುತ್ತದೆ.

ಇದನ್ನೇ ಮಾಡಹೊರಟವರು ಮೊದಲ ವರ್ಷನ್‌ನಲ್ಲೇ ಎರಡು ಪಬ್ಲಿಕ್ ಕೀ ಹಾಕಿಡಿ. ಎರಡನೆಯದರ ಪ್ರೈವೇಟ್ ಕೀ ನೆಟ್ ಇಲ್ಲದ ಬೇರೆ ಜಾಗದಲ್ಲಿರಲಿ. ಮೊದಲನೆಯದು ಕಳೆದುಹೋದರೂ ಹಳೇ ವರ್ಷನ್ ಬಳಸುತ್ತಿರುವವರಿಗೆ ಹೊಸ ಲೈಸೆನ್ಸ್ ಕೊಡಬಹುದು.