ಒಂದು ಜಿಬಿ ರ್ಯಾಮಿನ ಟ್ಯಾಬಿಗೆ ಯಾವ ಸಾಫ್ಟ್‌ವೇರ್ ಹಾಕಬೇಕು?

ಪಾಂಡವಪುರದ ಹತ್ತಿರ ನಮ್ಮ ಚಿಕ್ಕಪ್ಪನದೊಂದು ಆಲೆಮನೆ ಇದೆ. ಯಾವ ಗದ್ದೆಯ ಕಬ್ಬು ಎಷ್ಟು ಟನ್ ಬಂತು, ಯಾರಿಗೆ ಎಷ್ಟು ಅಡ್ವಾನ್ಸ್ ಕೊಟ್ಟಿದೆ, ಎಲ್ಲವೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಇರುತ್ತಿತ್ತು. ಒಂದು ದಿನ ಅದರ ಮೇಲೆ ಪಾಕ ಚೆಲ್ಲಿ ಎರಡು ವಾರದ ಲೆಕ್ಕ ಅಂಟಿಕೊಂಡು ಹೋಯಿತು. ಆಗ ಮಂಡ್ಯದ ನಮ್ಮ ಮನೆಯ ಬೀರುವಿನಲ್ಲಿ ಸುಮ್ನೆ ಬಿದ್ದಿದ್ದ ಏಳು ಇಂಚಿನ ಟ್ಯಾಬ್ ತಗೊಂಡು ಹೋಗಿ ಕೊಟ್ಟೆ. 1 ಜಿಬಿ ರ್ಯಾಮ್, 8 ಜಿಬಿ ಸ್ಟೋರೇಜ್, ಆಂಡ್ರಾಯ್ಡ್ 6. ಚಿಕ್ಕಪ್ಪ ಒಂದು ಐಕಾನ್ ಒತ್ತಿ ಕಾದರು, ಕಾದರು, ಆಮೇಲೆ "ಏನ್ಲಾ ಮಗ, ಒತ್ತಿ ಎಷ್ಟೊತ್ತಾಯ್ತು, ಇನ್ನೂ ತೆರ್ಕೊಂಡೇ ಇಲ್ವಲ್ಲ" ಅಂದರು.

ಈಗ ಅದೇ ಟ್ಯಾಬ್ ದಿನವೂ ಕೆಲಸ ಮಾಡುತ್ತಿದೆ. ಒಳಗಿನ ಹಾರ್ಡ್‌ವೇರ್ ಮುಟ್ಟಿಲ್ಲ, ಸಾಫ್ಟ್‌ವೇರ್ ಮಾತ್ರ ಬದಲಾಯಿಸಿದ್ದು. ಇಂಥ ಟ್ಯಾಬ್‌ಗಳು ಎಷ್ಟೋ ಮನೆಗಳ ಬೀರುವಿನಲ್ಲಿವೆ, ಅಲ್ವಾ? ಎಸೆಯುವ ಮೊದಲು ಹೀಗೆ ಮಾಡಿ ನೋಡಿ.

ಮೊದಲು ಆ್ಯಪ್ ಹುಡುಕಬೇಡಿ, ಕೆಲಸ ಯಾವುದು ಅಂತ ಗೊತ್ತು ಮಾಡಿಕೊಳ್ಳಿ. ನಾವು ಮೂರೇ ಕೆಲಸ ಇಟ್ಟುಕೊಂಡೆವು: ಕಬ್ಬಿನ ಲೆಕ್ಕ ಬರೆಯುವುದು, ಕೆಆರ್‌ಎಸ್ ನೀರಿನ ಮಟ್ಟ ಮತ್ತು ಬೆಲ್ಲದ ದರ ನೋಡುವುದು, ಸಂಜೆ ತಂಗಿ ಅದರಲ್ಲೇ ಪಠ್ಯಪುಸ್ತಕದ ಪಿಡಿಎಫ್ ಓದುವುದು. ವಾಟ್ಸಾಪ್, ಫೇಸ್‌ಬುಕ್ ಎಲ್ಲ ಚಿಕ್ಕಪ್ಪನ ಫೋನಿನಲ್ಲೇ ಇರಲಿ ಅಂದೆ. ಒಂದು ಜಿಬಿ ರ್ಯಾಮಿನಲ್ಲಿ ಎಲ್ಲವೂ ಬೇಕು ಅಂತ ಕೂತರೆ ಯಾವುದೂ ನೆಟ್ಟಗೆ ನಡೆಯುವುದಿಲ್ಲ.

ಆಮೇಲೆ ರ್ಯಾಮನ್ನು ಯಾರು ತಿನ್ನುತ್ತಿದ್ದಾರೆ ಅಂತ ಕಣ್ಣಾರೆ ನೋಡಿ. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್' ಒಳಗೆ ಬಿಲ್ಡ್ ನಂಬರ್ ಅಂತ ಇರುತ್ತದೆ, ಅದನ್ನು ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ 'ರನ್ನಿಂಗ್ ಸರ್ವೀಸಸ್' ನೋಡಿ. ನಮ್ಮ ಟ್ಯಾಬಿನಲ್ಲಿ ನಾವು ಏನೂ ತೆರೆಯದೆ ಇರುವಾಗಲೇ ಮುಕ್ಕಾಲು ಭಾಗ ರ್ಯಾಮ್ ತುಂಬಿಹೋಗಿತ್ತು. ಜೊತೆಗೇ ಬಂದಿದ್ದ, ಯಾರೂ ಮುಟ್ಟದ ಆ್ಯಪ್‌ಗಳು ಹಿಂದೆ ಓಡುತ್ತಿದ್ದವು. ಇಂಥವನ್ನು ತೆಗೆಯಲು ಆಗದಿದ್ದರೂ 'ಡಿಸೇಬಲ್' ಮಾಡಬಹುದು. ನ್ಯೂಸ್, ಗೇಮ್ಸ್, ಸಿನಿಮಾ, ಸಂಗೀತದ ಆ್ಯಪ್‌ಗಳನ್ನೆಲ್ಲ ಒಂದೊಂದಾಗಿ ಡಿಸೇಬಲ್ ಮಾಡಿ. ಯಾವುದು ಅಂತ ಗೊತ್ತಿಲ್ಲದ ಸಿಸ್ಟಂ ಆ್ಯಪ್ ಮಾತ್ರ ಮುಟ್ಟಬೇಡಿ.

ಇಲ್ಲಿ ಜಾಸ್ತಿ ಜನ ಎಡವುವುದು ಒಂದು ವಿಷಯದಲ್ಲಿ. ಸ್ಟೋರಿನಲ್ಲಿ 3 ಎಂಬಿ ಅಂತ ಬರೆದಿದ್ದರೆ ಅದು ಹಗುರದ ಆ್ಯಪ್ ಅಂದುಕೊಳ್ಳುತ್ತಾರೆ. ಅದು ಡೌನ್‌ಲೋಡ್ ಮಾಡುವ ಪೊಟ್ಟಣದ ಗಾತ್ರ, ಅಷ್ಟೇ. ಎಷ್ಟೋ 'ಲೈಟ್' ಆ್ಯಪ್‌ಗಳು ಒಳಗೆ ಒಂದು ವೆಬ್ ಪುಟವನ್ನೇ ತೆರೆದು ತೋರಿಸುತ್ತವೆ, ಅಂದರೆ ಆ ಪುಟ್ಟ ಆ್ಯಪಿನ ಬೆನ್ನಿಗೆ ಇಡೀ ಬ್ರೌಸರ್ ಎಂಜಿನ್ ರ್ಯಾಮಿಗೆ ಬಂದು ಕೂರುತ್ತದೆ. ಅದರ ಬದಲು 10 ಎಂಬಿಯ, ತನ್ನ ಕೆಲಸ ತಾನೇ ಮಾಡುವ ಆ್ಯಪ್ ನಿಜವಾಗಿ ಹಗುರ. ಹಾಗಾಗಿ ಹಾಕಿದ ಮೇಲೆ ಹತ್ತು ನಿಮಿಷ ಬಳಸಿ, ಮತ್ತೆ ರನ್ನಿಂಗ್ ಸರ್ವೀಸಸ್‌ಗೆ ಹೋಗಿ ನೋಡಿ, ಆಗ ಅದರ ತೂಕ ಗೊತ್ತಾಗುತ್ತದೆ.

ರ್ಯಾಮ್ ಕ್ಲೀನರ್, ಬೂಸ್ಟರ್ ಅಂತ ಬರುವ ಆ್ಯಪ್‌ಗಳನ್ನು ದಯವಿಟ್ಟು ಹಾಕಬೇಡಿ. ಜಾಗ ಸಾಲದಿದ್ದಾಗ ಹಿಂದಿನ ಆ್ಯಪ್‌ಗಳನ್ನು ಮುಚ್ಚುವ ಕೆಲಸವನ್ನು ಆಂಡ್ರಾಯ್ಡ್ ತಾನೇ ಮಾಡುತ್ತದೆ. ಕ್ಲೀನರ್ ಎಲ್ಲವನ್ನೂ ಮುಚ್ಚುತ್ತದೆ, ಅರ್ಧ ಮತ್ತೆ ಎದ್ದು ಬರುತ್ತವೆ, ಆ ಏಳುವ ಬೀಳುವ ಗಲಾಟೆಯಲ್ಲೇ ಪ್ರೊಸೆಸರ್ ಮತ್ತು ಬ್ಯಾಟರಿ ಸವೆಯುತ್ತವೆ.

ಯಾವಾಗಲೂ ಎಚ್ಚರ ಇರುವ ಸಾಫ್ಟ್‌ವೇರ್ ಎರಡು: ಲಾಂಚರ್ (ಐಕಾನ್‌ಗಳಿರುವ ಮೊದಲ ಪರದೆ ತೋರಿಸುವ ಆ್ಯಪ್), ಕೀಬೋರ್ಡ್. ನೀವು ಯಾವ ಆ್ಯಪ್ ತೆರೆದರೂ ಇವೆರಡು ಜೊತೆಗೇ ಇರುತ್ತವೆ. ಆದ್ದರಿಂದ ಹಗುರ ಮಾಡುವುದನ್ನು ಇಲ್ಲಿಂದಲೇ ಶುರು ಮಾಡಿ. ನನಗೆ ಇಷ್ಟವಾದ ಲಾಂಚರ್ ಕಿಸ್. ತುಂಬಾ ಚಿಕ್ಕದು, ವಿಜೆಟ್‌ಗಳ ಜಂಜಾಟವಿಲ್ಲ, ಎರಡಕ್ಷರ ಟೈಪ್ ಮಾಡಿದರೆ ಆ್ಯಪ್ ಬರುತ್ತದೆ. ಆದರೆ ಚಿಕ್ಕಪ್ಪನಿಗೆ ಅದು ಸರಿಹೋಗಲಿಲ್ಲ. ಕೈ ತುಂಬಾ ಬೆಲ್ಲದ ಜಿಗಟು ಇರುವ ಮನುಷ್ಯ ಟೈಪ್ ಮಾಡಿ ಹುಡುಕುವುದಿಲ್ಲ, ಕಣ್ಣಿಗೆ ಕಂಡದ್ದನ್ನು ಒತ್ತುತ್ತಾರೆ. ಅವರಿಗೆ ಟ್ಯಾಬಿನ ಹಳೆಯ ಲಾಂಚರನ್ನೇ ಬಿಟ್ಟು, ವಿಜೆಟ್, ಓಡಾಡುವ ವಾಲ್‌ಪೇಪರ್ ಎಲ್ಲ ತೆಗೆದು, ಕಪ್ಪು ಹಿನ್ನೆಲೆಯಲ್ಲಿ ಮೂರೇ ಐಕಾನ್ ಇಟ್ಟೆ. ಬಳಸುವವರ ಬೆರಳಿಗೆ ಹೊಂದದ ಸಾಫ್ಟ್‌ವೇರನ್ನು ಎಷ್ಟೇ ಹಗುರ ಇದ್ದರೂ ಹಾಕಬೇಡಿ.

ಕೀಬೋರ್ಡಿಗೆ ಇಂಡಿಕ್ ಕೀಬೋರ್ಡ್ ಹಾಕಿದೆ. ಇನ್‌ಸ್ಕ್ರಿಪ್ಟ್ (ಭಾರತೀಯ ಭಾಷೆಗಳ ಪ್ರಮಾಣಿತ ಕೀಲಿ ಜೋಡಣೆ) ವಿನ್ಯಾಸ ಇದೆ, ಇಂಟರ್‌ನೆಟ್ ಇಲ್ಲದೆಯೂ ಕನ್ನಡ ಬರೆಯಬಹುದು. ಯಾವ ಕೀಬೋರ್ಡ್ ಹಾಕಿದರೂ ಅದರಲ್ಲಿ ಪದ ಸೂಚನೆ, ಧ್ವನಿ, ಸ್ಟಿಕ್ಕರ್, ಸ್ವೈಪ್ ಎಲ್ಲ ಆಫ್ ಮಾಡಿ. ಬೇಡದ ಭಾಷೆಗಳನ್ನು ತೆಗೆಯಿರಿ. ಎರಡು ಭಾಷೆ ಸಾಕು.

ಈಗ ಕನ್ನಡದ ಪರೀಕ್ಷೆ. ಹಗುರದ ಸಾಫ್ಟ್‌ವೇರ್ ಬರೆಯುವವರು ಎಷ್ಟೋ ಸಲ ಅಕ್ಷರ ಜೋಡಿಸುವ ಭಾಗವನ್ನೇ ಬಿಟ್ಟಿರುತ್ತಾರೆ. ಇಂಗ್ಲಿಷಿನಲ್ಲಿ ಅದು ಗೊತ್ತೇ ಆಗುವುದಿಲ್ಲ, ಕನ್ನಡದಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಯಾವುದೇ ಹೊಸ ಆ್ಯಪ್ ಹಾಕಿದರೂ ನಾನು ಮೊದಲು ಮೂರು ಪದ ಬರೆದು ನೋಡುತ್ತೇನೆ: ಮಂಡ್ಯ, ಶ್ರೀರಂಗಪಟ್ಟಣ, ಸೂರ್ಯ. ಡಕಾರದ ಕೆಳಗೆ ಯ ಒತ್ತು ಕೂರದೆ 'ಮಂಡ್‌ಯ' ಅಂತ ಕಂಡರೆ ಅಲ್ಲಿಗೆ ಮುಗಿಯಿತು. ಶ್ರೀಯಲ್ಲಿ ಒತ್ತು ಮತ್ತು ದೀರ್ಘ ಎರಡೂ ಇವೆ, ಸೂರ್ಯದಲ್ಲಿ ಅರ್ಕಾವತ್ತು ಇಲ್ಲವೇ ಯ ಒತ್ತು ಸರಿಯಾಗಿ ಬರಬೇಕು. ಆಮೇಲೆ ಬ್ಯಾಕ್‌ಸ್ಪೇಸ್ ಒತ್ತಿ ನೋಡಿ, ಒಂದು ಸಲಕ್ಕೆ ಎಷ್ಟು ಅಳಿಸುತ್ತದೆ, ಕರ್ಸರ್ ಎಲ್ಲಿ ನಿಲ್ಲುತ್ತದೆ ಅಂತ. ಇದಕ್ಕೆ ಎರಡು ನಿಮಿಷ ಸಾಕು, ಆದರೆ ಇದನ್ನು ಮಾಡದೆ ಮುಂದೆ ಹೋಗಬೇಡಿ. ನಮ್ಮೂರಿನ ಹೆಸರನ್ನೇ ಸರಿಯಾಗಿ ತೋರಿಸದ ಆ್ಯಪ್ ನಮಗೆ ಬೇಡ.

ಲೆಕ್ಕ ಬರೆಯಲು ಸ್ಪ್ರೆಡ್‌ಶೀಟ್ ಹಾಕೋಣ ಅನ್ನಿಸುತ್ತದೆ, ನಾನೂ ಮೊದಲು ಅದನ್ನೇ ಹಾಕಿದ್ದೆ. ಚಿಕ್ಕ ಪರದೆಯಲ್ಲಿ ಆ ಚೌಕಗಳನ್ನು ಒತ್ತುವುದೇ ಕಷ್ಟ, ತೆರೆಯಲೂ ನಿಧಾನ. ಈಗ ಮಾರ್ಕರ್ (Markor) ಅಂತ ಒಂದು ಉಚಿತ ಆ್ಯಪ್ ಇದೆ, ಅದು ಬರೆದದ್ದನ್ನು ಸಾದಾ ಟೆಕ್ಸ್ಟ್ ಫೈಲಾಗಿ ಇಡುತ್ತದೆ. ಒಂದು ಲೋಡಿಗೆ ಒಂದು ಸಾಲು: "12-1, ನಾಲೆ ಪಕ್ಕದ ಗದ್ದೆ, 4 ಟನ್, ಅಡ್ವಾನ್ಸ್ 2000". ಮಧ್ಯೆ ಕಾಮಾ ಹಾಕಿ ಬರೆದರೆ ತಿಂಗಳ ಕೊನೆಗೆ ಅದೇ ಫೈಲನ್ನು ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ತೆರೆದು ಒಟ್ಟು ಹಾಕಬಹುದು. ಒಂದು ಹಂಗಾಮಿನ ಲೆಕ್ಕ ಪೂರ್ತಿ ಒಂದು ಫೋಟೋದಷ್ಟು ಜಾಗವನ್ನೂ ತಗೊಳ್ಳುವುದಿಲ್ಲ. ಗಾಣದ ಪಕ್ಕ ನಿಂತು ಚಿಕ್ಕಪ್ಪ ಪಂಚೆಯ ತುದಿಗೆ ಬೆರಳು ಒರೆಸಿಕೊಂಡು ಐಕಾನ್ ಒತ್ತುತ್ತಾರೆ, ಹಿಂದಿನ ಸಾಲು ಕಾಪಿ ಮಾಡಿ ಅಂಕಿ ಮಾತ್ರ ಬದಲಾಯಿಸುತ್ತಾರೆ. ಅಕ್ಷರದ ಗಾತ್ರ 24 ಇಟ್ಟಿದ್ದೇನೆ, ಕನ್ನಡಕ ಇಲ್ಲದೆಯೂ ಕಾಣುತ್ತದೆ.

ಓದಲು ಎರಡು ಒಳ್ಳೆಯ ಆ್ಯಪ್ ಇವೆ. ಸುಮ್ನೆ ಪಿಡಿಎಫ್ ತೆರೆದು ನೋಡಲು ಮ್ಯುಪಿಡಿಎಫ್ ಸಾಕು, ಬಹಳ ಚುರುಕು. ಪುಸ್ತಕ ಪೂರ್ತಿ ಓದುವುದಾದರೆ ಕೋರೀಡರ್ ಹಾಕಿ. ಇದನ್ನು ಮೊದಲು ಮಾಡಿದ್ದು ಕಿಂಡಲ್ ತರಹದ ಇ-ಇಂಕ್ ಓದುಗಗಳಂಥ ದುರ್ಬಲ ಯಂತ್ರಗಳಿಗೆ, ಹಾಗಾಗಿ ಇಂಥ ಟ್ಯಾಬಿಗೆ ಹೇಳಿ ಮಾಡಿಸಿದ ಹಾಗಿದೆ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ರಿಫ್ಲೋ. ದೊಡ್ಡ ಪುಟವನ್ನು ಚಿಕ್ಕ ಪರದೆಗೆ ತಕ್ಕಂತೆ ಸಾಲು ಮುರಿದು ಜೋಡಿಸುತ್ತದೆ. ಬೇರೆ ಆ್ಯಪ್‌ಗಳು ಇದನ್ನು ಪಿಡಿಎಫ್ ಒಳಗಿನ ಅಕ್ಷರ ಓದಿ ಮಾಡುತ್ತವೆ, ಆದರೆ ನಮ್ಮಲ್ಲಿ ಹಳೆಯ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಪಿಡಿಎಫ್‌ಗಳು ಬೇಕಾದಷ್ಟಿವೆ, ಅವುಗಳ ಒಳಗೆ ಯುನಿಕೋಡ್ ಕನ್ನಡ ಇರುವುದಿಲ್ಲ, ಹಾಗಾಗಿ ರಿಫ್ಲೋ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ. ಕೋರೀಡರ್ ಪುಟವನ್ನು ಚಿತ್ರದಂತೆ ನೋಡಿ ಪದ ಪದ ಕತ್ತರಿಸಿ ಜೋಡಿಸುತ್ತದೆ. ನುಡಿ ಇರಲಿ, ಸ್ಕ್ಯಾನ್ ಮಾಡಿದ್ದಿರಲಿ, ಅಕ್ಷರ ಕೆಡುವುದಿಲ್ಲ. ಒಂದೊಂದು ಪುಟಕ್ಕೆ ಸ್ವಲ್ಪ ಸಮಯ ತಗೊಳ್ಳುತ್ತದೆ, ಪರವಾಗಿಲ್ಲ, ಓದುವಷ್ಟರಲ್ಲಿ ಮುಂದಿನದು ತಯಾರಾಗಿರುತ್ತದೆ.

ಬ್ರೌಸರ್ ವಿಷಯ ಸ್ವಲ್ಪ ಕಷ್ಟ, ಯಾಕೆಂದರೆ ಇವತ್ತಿನ ವೆಬ್ ಪುಟಗಳೇ ಭಾರ. ಕೆಆರ್‌ಎಸ್‌ನ 124.80 ಅಡಿಯಲ್ಲಿ ಇವತ್ತು ಎಷ್ಟಿದೆ ಅಂತ ನೋಡಲು ಒಪೆರಾ ಮಿನಿ ಸಾಕು. ಅದರ ಎಕ್ಸ್‌ಟ್ರೀಮ್ ಮೋಡ್‌ನಲ್ಲಿ ಪುಟವನ್ನು ಅವರ ಸರ್ವರ್ ಕುಗ್ಗಿಸಿ ಕಳಿಸುತ್ತದೆ, ಟ್ಯಾಬಿಗೆ ಕೆಲಸ ಕಡಿಮೆ. ಪುಟ ಬೇರೆಯವರ ಸರ್ವರ್ ಹಾದು ಬರುವುದರಿಂದ ಅದರಲ್ಲಿ ಪಾಸ್‌ವರ್ಡ್ ಹಾಕಬೇಡಿ. ಬ್ಯಾಂಕ್, ಯುಪಿಐ ಅಂತೂ ಈ ಟ್ಯಾಬಿನಲ್ಲಿ ಯಾವ ಆ್ಯಪಿನಲ್ಲೂ ಬೇಡ, ಇದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ನಿಂತು ಎಷ್ಟೋ ವರ್ಷವಾಗಿದೆ.

ಕೆಲವು ಸೈಟ್‌ಗಳು 'ಸುರಕ್ಷಿತವಲ್ಲ' ಅಂತ ಹೇಳಿ ತೆರೆಯುವುದೇ ಇಲ್ಲ. ಆಗ ಮೊದಲು ದಿನಾಂಕ ನೋಡಿ. ಬ್ಯಾಟರಿ ಪೂರ್ತಿ ಸತ್ತು ಎದ್ದ ಟ್ಯಾಬ್ ತಾರೀಖು ಮರೆತು ಹಿಂದಿನ ಯಾವುದೋ ವರ್ಷಕ್ಕೆ ಹೋಗಿರುತ್ತದೆ. ತಾರೀಖು ಸರಿಯಿದ್ದರೂ ತೆರೆಯದಿದ್ದರೆ ತೊಂದರೆ ಸರ್ಟಿಫಿಕೇಟಿನದು: ಲೆಟ್ಸ್ ಎನ್‌ಕ್ರಿಪ್ಟ್ (ಸೈಟ್‌ಗಳಿಗೆ ಉಚಿತವಾಗಿ ಭದ್ರತಾ ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಬಳಸುವ ಸೈಟ್‌ಗಳ ಮೂಲ ಸರ್ಟಿಫಿಕೇಟ್ 7.1.1ಕ್ಕಿಂತ ಹಳೆಯ ಆಂಡ್ರಾಯ್ಡ್‌ಗೆ ಗೊತ್ತಿಲ್ಲ. ಆಂಡ್ರಾಯ್ಡ್ 6ರಲ್ಲಿ ನಡೆಯುವ ಫೈರ್‌ಫಾಕ್ಸ್ ಆವೃತ್ತಿ ತನ್ನದೇ ಸರ್ಟಿಫಿಕೇಟ್ ಪಟ್ಟಿ ಹೊತ್ತು ತರುವುದರಿಂದ ಅದರಲ್ಲಿ ತೆರೆಯುತ್ತದೆ. ಅದು ಭಾರ, ನಿಜ. ಆದ್ದರಿಂದ ಅದನ್ನು ಬೇಕಾದಾಗ ಮಾತ್ರ ತೆರೆದು ಮುಚ್ಚಿ.

ವಿಡಿಯೋ ಬೇಕಿದ್ದವರಿಗೆ ವಿಎಲ್‌ಸಿ, ಅಷ್ಟೇ. ಫೈಲ್ ಮಾತ್ರ ಎಚ್.264 ಅನ್ನುವ ಹಳೆಯ ಮಾದರಿಯದ್ದಿರಲಿ, ಗುಣಮಟ್ಟ 360ಪಿ ಅಥವಾ 480ಪಿ ಸಾಕು. ಹಳೆಯ ಚಿಪ್‌ಗಳು ಅದನ್ನು ಹಾರ್ಡ್‌ವೇರಿನಲ್ಲೇ ಬಿಡಿಸುತ್ತವೆ. ಹೊಸ ಮಾದರಿಯ ಎಚ್‌ಇವಿಸಿ ಫೈಲ್ ಕೊಟ್ಟರೆ ತಡವರಿಸುತ್ತವೆ.

ಬ್ರೌಸರ್ ಬಿಟ್ಟು ಉಳಿದವನ್ನೆಲ್ಲ ಎಲ್ಲಿಂದ ತರುವುದು? ಎಫ್-ಡ್ರಾಯ್ಡ್ ಅನ್ನುವ ಆ್ಯಪ್ ಸ್ಟೋರಿನಲ್ಲಿ ಮುಕ್ತ ತಂತ್ರಾಂಶಗಳು ಸಿಗುತ್ತವೆ, ಒಂದೊಂದು ಆ್ಯಪಿನ ಪುಟದಲ್ಲೂ ಯಾವ ಆಂಡ್ರಾಯ್ಡ್‌ನಿಂದ ಮೇಲೆ ನಡೆಯುತ್ತದೆ ಅಂತ ಬರೆದಿರುತ್ತದೆ, ಹಿಂದಿನ ಕೆಲವು ಆವೃತ್ತಿಗಳೂ ಇರುತ್ತವೆ. ಟ್ಯಾಬಿನಲ್ಲಿ ಇಳಿಯದಿದ್ದರೆ ಫೋನಿನಲ್ಲಿ ಇಳಿಸಿ ಟ್ಯಾಬಿಗೆ ಕಳಿಸಿ. ಎರಡು ಬಗೆಯ ಫೈಲ್ ಕಂಡರೆ, ಹಳೆಯ ಟ್ಯಾಬ್‌ಗಳಿಗೆ ಸಾಮಾನ್ಯವಾಗಿ 32 ಬಿಟ್‌ನ ಆರ್ಮ್ ವಿ7 ಅನ್ನುವುದೇ ಬೇಕು. 'ಎಪಿಕೆ (ಆ್ಯಪಿನ ಫೈಲ್) ಉಚಿತ' ಅಂತ ಹುಡುಕಿ ಸಿಕ್ಕ ಸೈಟಿನಿಂದ ಮಾತ್ರ ಇಳಿಸಬೇಡಿ.

8 ಜಿಬಿಯಲ್ಲಿ ಅರ್ಧ ಸಿಸ್ಟಮಿಗೇ ಹೋಗಿರುತ್ತದೆ. ಒಂದು ಜಿಬಿಯಾದರೂ ಖಾಲಿ ಬಿಡಿ, ತುಂಬಿ ತುಳುಕಿದರೆ ಎಲ್ಲವೂ ನಿಧಾನವಾಗುತ್ತದೆ. ಪಿಡಿಎಫ್, ವಿಡಿಯೋ ಎಲ್ಲ ಮೆಮೊರಿ ಕಾರ್ಡಿಗೆ ಹಾಕಿ. ಆ್ಯಪ್‌ಗಳನ್ನೂ ಕಾರ್ಡಿಗೆ ಕಳಿಸುವುದಾದರೆ ಮೇಲೆ 'ಎ1' ಗುರುತು ಇರುವ ಕಾರ್ಡ್ ತಗೊಳ್ಳಿ, ಚಿಕ್ಕ ಚಿಕ್ಕ ತುಣುಕುಗಳನ್ನು ಸೆಕೆಂಡಿಗೆ ಕನಿಷ್ಠ 1500 ಸಲ ಓದಬೇಕು, 500 ಸಲ ಬರೆಯಬೇಕು ಅನ್ನುವ ಮಟ್ಟ ಅದು. ಮೈಸೂರಿನ ಒಂದು ಅಂಗಡಿಯಲ್ಲಿ ನಾನು ತಂದ 64 ಜಿಬಿ ಕಾರ್ಡ್ ಎಂಟು ಜಿಬಿ ತುಂಬುತ್ತಲೇ ಹಳೆಯ ಫೈಲ್‌ಗಳನ್ನು ಹಾಳು ಮಾಡಿತು, ನಕಲಿ ಅಂತ ಆಮೇಲೆ ತಿಳಿಯಿತು. ಹೊಸ ಕಾರ್ಡ್ ತಂದ ದಿನವೇ ಪೂರ್ತಿ ತುಂಬಿಸಿ, ಫೈಲ್‌ಗಳನ್ನು ತೆರೆದು ನೋಡಿ, ಆಮೇಲೆ ಬಳಸಿ.

ನಿಮ್ಮದು ಇಂಟೆಲ್ ಆಟಮ್ ಚಿಪ್‌ನ ವಿಂಡೋಸ್ ಟ್ಯಾಬ್ ಆಗಿದ್ದರೆ ದಾರಿ ಬೇರೆ. ಅದರಲ್ಲಿ ಲಿನಕ್ಸ್ ಹಾಕಬಹುದು. ಅಂಥ ಎಷ್ಟೋ ಟ್ಯಾಬ್‌ಗಳಲ್ಲಿ ಚಿಪ್ 64 ಬಿಟ್, ಟ್ಯಾಬನ್ನು ಬೂಟ್ ಮಾಡುವ ಒಳಗಿನ ಸಾಫ್ಟ್‌ವೇರ್ (ಯುಇಎಫ್‌ಐ) ಮಾತ್ರ 32 ಬಿಟ್, ಹಾಗಾಗಿ 64 ಬಿಟ್‌ಗೆ ಮಾತ್ರ ಮಾಡಿದ ಪೆನ್‌ಡ್ರೈವ್ ಬೂಟ್ ಆಗುವುದಿಲ್ಲ, ಇದು ಗೊತ್ತಿಲ್ಲದೆ ಪೆನ್‌ಡ್ರೈವ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಡೆಬಿಯನ್ ಅನ್ನುವ ಲಿನಕ್ಸ್ ಮೇಲೆ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯುಟಿ ಅನ್ನುವ ಹಗುರದ ಡೆಸ್ಕ್‌ಟಾಪ್ ಹಾಕಿ, ಪರದೆ ಮೇಲಿನ ಕೀಲಿಗೆ ಆನ್‌ಬೋರ್ಡ್ ಹಾಕಿ, ಸಿಸ್ಟಮಿನ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡದ ಕಗಪ ವಿನ್ಯಾಸ ಆರಿಸಿಕೊಳ್ಳಬಹುದು. ಗುಬ್ಬಿ, ನವಿಲು ಫಾಂಟ್‌ಗಳು ಡೆಬಿಯನ್‌ನಲ್ಲೇ ಇವೆ. ಇಲ್ಲೂ 'ಮಂಡ್ಯ' ಬರೆದು ನೋಡಿ, ಎಕ್ಸ್‌ಟರ್ಮ್‌ನಂಥ ಹಳೆಯ ಟರ್ಮಿನಲ್‌ಗಳಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಒತ್ತಕ್ಷರ ಒಡೆಯುತ್ತದೆ. ಇಪ್ಪತ್ತು ವರ್ಷಕ್ಕೂ ಹಿಂದೆ ಬೆಂಗಳೂರಿನಲ್ಲಿ ಮಾಡಿದ ಸಿಂಪ್ಯೂಟರ್ ಇದೇ ಲಿನಕ್ಸನ್ನು 206 ಮೆಗಾಹರ್ಟ್ಸ್ ಚಿಪ್ಪಿನ ಮೇಲೆ, ಅಂಗೈಯಲ್ಲಿ ಹಿಡಿಯುವ ಟಚ್ ಪರದೆಯಲ್ಲಿ ಓಡಿಸಿತ್ತು. ಅದನ್ನು ನೆನೆದರೆ ನಮ್ಮ ಒಂದು ಜಿಬಿ ಏನೂ ಕಡಿಮೆಯಲ್ಲ.

ಎಲ್ಲ ಹಾಕಿದ ಮೇಲೆ ಡೆವಲಪರ್ ಆಪ್ಷನ್ಸ್‌ಗೆ ಹೋಗಿ ಮೂರೂ ಅನಿಮೇಷನ್ ಸ್ಕೇಲ್‌ಗಳನ್ನು ಆಫ್ ಮಾಡಿ, ಒತ್ತಿದ ತಕ್ಷಣ ತೆರೆದಂತೆ ಅನ್ನಿಸುತ್ತದೆ. ತಾನಾಗಿ ಅಪ್‌ಡೇಟ್ ಆಗುವುದನ್ನೂ ನಿಲ್ಲಿಸಿ, ಬ್ರೌಸರ್ ಒಂದನ್ನು ಮಾತ್ರ, ಹೊಸ ಆವೃತ್ತಿ ಸಿಗುವವರೆಗೆ, ನೀವೇ ಆಗಾಗ ಅಪ್‌ಡೇಟ್ ಮಾಡಿ. ಒಂದು ವಾರ ಬಳಸಲು ಕೊಟ್ಟು, ಮುಟ್ಟದೇ ಉಳಿದ ಆ್ಯಪ್ ಯಾವುದು ಅಂತ ನೋಡಿ ತೆಗೆಯಿರಿ. ಲೆಕ್ಕದ ಫೈಲನ್ನು ಪ್ರತಿ ಭಾನುವಾರ ಬ್ಲೂಟೂತಿನಲ್ಲಿ ಫೋನಿಗೆ ಕಳಿಸಿಕೊಳ್ಳಿ. ಚಿಕ್ಕಪ್ಪ ಈಗ ಅದನ್ನು ನನ್ನನ್ನು ಕೇಳದೆ ತಾವೇ ಕಳಿಸುತ್ತಾರೆ, ಟ್ಯಾಬನ್ನು ಒಂದು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಪ್ಪರಿಗೆಯಿಂದ ದೂರದ ಗೂಟಕ್ಕೆ ನೇತುಹಾಕಿದ್ದಾರೆ.