ಯೋಗದ ಪ್ರಶ್ನಾವಳಿ ಕನ್ನಡಕ್ಕೆ ಬಂತು, ಅದು ಸರಿಯುಂಟಾ ಅಂತ ನೋಡುವುದು ಹೇಗೆ?

ಕಾಸರಗೋಡಿನ ಬದಿಯಡ್ಕದ ಕಡೆ ಒಂದು ಮನೆಯ ಜಗಲಿ. ಪ್ರಾಜೆಕ್ಟ್ ಮಾಡುವ ಹುಡುಗಿ ಪೇಪರ್ ನೋಡಿ ಓದಿದಳು: "ಯೋಗದಿಂದ ಒತ್ತಡ ಕಡಿಮೆಯಾಗುತ್ತದೆ." ಅಜ್ಜಿ ತಕ್ಷಣ ಹೇಳಿದರು, "ನನಗೆ ಒತ್ತಡ ಇಲ್ಲ ಮಗಾ, ಮೊನ್ನೆಯಷ್ಟೇ ನೋಡಿಸಿದ್ದು, ನಾರ್ಮಲ್ ಉಂಟು." ಹುಡುಗಿ "ಒಪ್ಪುವುದಿಲ್ಲ" ಎಂಬಲ್ಲಿ ಗುರುತು ಹಾಕಿದಳು. ಅಜ್ಜಿ ಹೇಳಿದ್ದು ಬಿಪಿಯ ವಿಷಯ. ಪ್ರಶ್ನೆ ಇದ್ದದ್ದು ಮನಸ್ಸಿನ ಟೆನ್ಶನ್ ಬಗ್ಗೆ. ಇಂಥ ಹಾಳೆಗಳು ನೂರಾರು ಸೇರಿ ಕೊನೆಗೆ ಒಂದು ಪ್ರಬಂಧವಾಗುತ್ತವೆ. ಅದನ್ನು ನೋಡಿ ನೋಡಿ ಬೇಸರವಾಗಿ ಇದನ್ನು ಬರೆಯುತ್ತಿದ್ದೇನೆ.

ಯೋಗದಿಂದ ಜನ ಏನು ಬಯಸುತ್ತಾರೆ, ಯಾಕೆ ಹಿಂಜರಿಯುತ್ತಾರೆ ಅಂತ ಅಳೆಯುವ ಪ್ರಶ್ನಾವಳಿಗಳು ಇಂಗ್ಲಿಷಿನಲ್ಲಿವೆ. 2011ರಲ್ಲಿ ಅಮೆರಿಕದಲ್ಲಿ ಬಂದ 'ಬಿಲೀಫ್ಸ್ ಅಬೌಟ್ ಯೋಗ ಸ್ಕೇಲ್' ಅಂಥದ್ದೊಂದು. ಅದರಲ್ಲಿರುವುದು 11 ಹೇಳಿಕೆ ಮಾತ್ರ. ಆರೋಗ್ಯಕ್ಕೆ ಆಗುವ ಲಾಭ, ಆಗಬಹುದಾದ ಕಿರಿಕಿರಿ, ಸುತ್ತಲಿನ ಜನ ಏನನ್ನುತ್ತಾರೆ ಎಂಬುದು, ಹೀಗೆ ಮೂರು ಭಾಗ. 11 ಸಾಲು ತಾನೇ, ಒಂದು ಸಂಜೆಯ ಕೆಲಸ ಅಂತ ಎಲ್ಲರಿಗೂ ಅನ್ನಿಸುತ್ತದೆ. ಸರಿಯಾಗಿ ಮಾಡಿದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಹಂತ 1. ಮೂಲ ಪ್ರಶ್ನಾವಳಿ ಮಾಡಿದವರಿಗೆ ಇಮೇಲ್ ಬರೆದು ಅನುಮತಿ ಪಡೆಯಿರಿ. ಕನ್ನಡಕ್ಕೆ ಮೊದಲೇ ಯಾರಾದರೂ ತಂದಿದ್ದಾರಾ ಅಂತ ಅದರಲ್ಲೇ ಕೇಳಿಬಿಡಿ.

ಹಂತ 2. ಇಬ್ಬರು ಬೇರೆ ಬೇರೆ ಕೂತು ಅನುವಾದ ಮಾಡಬೇಕು. ಒಬ್ಬರಿಗೆ ಆರೋಗ್ಯದ ವಿಷಯ ಗೊತ್ತಿರಲಿ, ಇನ್ನೊಬ್ಬರಿಗೆ ಗೊತ್ತಿಲ್ಲದಿರಲಿ. ಆಮೇಲೆ ಎರಡನ್ನೂ ಎದುರಿಟ್ಟುಕೊಂಡು ಒಂದು ಮಾಡಿ. ಮೊಬೈಲಿನ ಅನುವಾದ ಆ್ಯಪ್ ಬೇಡವೇ ಬೇಡ. "ಮೈ ಬಾಗುವುದು" ಅಂತ ಬರಬೇಕಾದಲ್ಲಿ ಅದು "ನಮ್ಯತೆ" ಅಂತ ಬರೆದುಕೊಡುತ್ತದೆ. ಮುಳ್ಳೇರಿಯದಿಂದ ಉಪ್ಪಳದವರೆಗೆ ಹುಡುಕಿದರೂ ಆ ಮಾತು ಆಡುವವರು ಸಿಗುವುದಿಲ್ಲ.

ಹಂತ 3. ಮೂಲವನ್ನು ನೋಡಿರದ ಬೇರೆ ಇಬ್ಬರು ಈ ಕನ್ನಡವನ್ನು ವಾಪಸ್ ಇಂಗ್ಲಿಷಿಗೆ ಮಾಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ವಾಪಸ್ ಬಂದ ಇಂಗ್ಲಿಷ್ ಮೂಲಕ್ಕೆ ಸರಿ ಹೊಂದಿತು, ಇನ್ನೇನು ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೆ "ಒತ್ತಡ" ಕಂಡ ಕೂಡಲೇ 'ಸ್ಟ್ರೆಸ್' ಹೊಳೆಯುತ್ತದೆ. ಆ ಅಜ್ಜಿಗೆ ಹೊಳೆಯುವುದಿಲ್ಲ ಅಲ್ವಾ? ಅರ್ಥ ತಲೆಕೆಳಗಾಗಿದ್ದರೆ ಈ ಹಂತದಲ್ಲಿ ಸಿಕ್ಕಿಬೀಳುತ್ತದೆ. ಜನರಿಗೆ ತಿಳಿಯದ ಕನ್ನಡ ಮಾತ್ರ ಸಲೀಸಾಗಿ ದಾಟಿ ಹೋಗುತ್ತದೆ.

ಹಂತ 4. ವಿಷಯ ಬಲ್ಲ ಆರು ಜನರಿಗಾದರೂ ತೋರಿಸಿ. ವೈದ್ಯರು, ಯೋಗ ಶಿಕ್ಷಕರು, ಕನ್ನಡ ಮಾಷ್ಟ್ರು, ಎಲ್ಲರೂ ಇರಲಿ. ಪ್ರತಿ ಹೇಳಿಕೆ ಎಷ್ಟು ಪ್ರಸ್ತುತ ಅಂತ 1ರಿಂದ 4ರವರೆಗೆ ಅಂಕ ಕೊಡಲಿ. 3 ಅಥವಾ 4 ಕೊಟ್ಟವರ ಪಾಲು 0.78ಕ್ಕಿಂತ ಕಡಿಮೆಯಾದರೆ ಆ ಹೇಳಿಕೆಯನ್ನು ಮತ್ತೆ ತಿದ್ದಬೇಕು.

ಹಂತ 5. ಈಗ ಜನರ ಹತ್ತಿರ ಹೋಗಿ. 30ರಿಂದ 40 ಮಂದಿ ಸಾಕು, ಆದರೆ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂರಬೇಕು. ನನ್ನನ್ನು ಕೇಳಿದರೆ ಇಡೀ ಕೆಲಸದ ಜೀವ ಇದು. ಜಾಸ್ತಿ ಜನ ಬಿಟ್ಟುಬಿಡುವುದೂ ಇದನ್ನೇ.

ಯಾರ ಹತ್ತಿರ ಅನ್ನುವುದು ಮೊದಲ ಪ್ರಶ್ನೆ. ಕಾಸರಗೋಡಿನಲ್ಲಿ ಕನ್ನಡ ಶಾಲೆಗೆ ಹೋದವರಲ್ಲಿ ಎಷ್ಟೋ ಜನರ ಮನೆಮಾತು ತುಳು, ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ ಅಥವಾ ಮರಾಠಿ. ಪೇಟೆಗೆ ಹೋದರೆ ಮಲಯಾಳ. ಒಂದೇ ಮನೆಮಾತಿನ 40 ಜನರನ್ನು ಕೇಳಿ ಬಂದರೆ ಆಗುವುದಿಲ್ಲ. ವಯಸ್ಸಾದವರು, ಓದು ಕಡಿಮೆ ಇರುವವರು, ಯೋಗ ಮಾಡಿಯೇ ಇಲ್ಲದವರು ಅದರಲ್ಲಿ ಇರಲೇಬೇಕು. ಯೋಗ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಲಿಂಕ್ ಕಳಿಸುವ ಸುಲಭ ದಾರಿ ಹಿಡಿಯಬೇಡಿ. ಅಲ್ಲಿರುವವರೆಲ್ಲ ಯೋಗವನ್ನು ಮೆಚ್ಚಿಯೇ ಸೇರಿದವರು.

ಎದುರಿಗೆ ಕೂತ ಮೇಲೆ "ಅರ್ಥ ಆಯ್ತಾ?" ಅಂತ ಕೇಳಲೇಬೇಡಿ. ಮರ್ಯಾದೆಗೆ ಎಲ್ಲರೂ "ಹಾಂ, ಆಯ್ತು" ಅನ್ನುತ್ತಾರೆ. ಅದರ ಬದಲು "ಅಕ್ಕ, ಇದನ್ನು ನಿಮ್ಮ ಮಾತಿನಲ್ಲಿ ಒಂದು ಸಲ ಹೇಳಿ" ಅನ್ನಿ. ಉತ್ತರ ಕೊಟ್ಟ ಮೇಲೆ "ಯಾಕೆ ಹಾಗೆ ಹೇಳಿದಿರಿ?" ಅನ್ನಿ. ಅವರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ.

ಇಲ್ಲಿ ಸಿಗುವ ತೊಡಕುಗಳು ಬೆಂಗಳೂರಿನಲ್ಲಿ ಕೂತರೆ ಕಾಣುವುದಿಲ್ಲ. 'ಯೋಗ' ಅನ್ನುವ ಮಾತನ್ನೇ ನೋಡಿ. "ಅವನಿಗೆ ಆ ಯೋಗ ಇಲ್ಲ" ಅಂದರೆ ಅದೃಷ್ಟದ ಮಾತು. ಮಲಯಾಳದ 'ಯೋಗಂ' ಅಂದರೆ ಸಭೆ, ಪಂಚಾಯತಿನ ನೋಟಿಸುಗಳಲ್ಲಿ ಕಾಣುವುದು ಅದೇ. ಇನ್ನು 'ಅಪೇಕ್ಷೆ'. ಒಬ್ಬರು "ಯೋಗದ ಬಗ್ಗೆ ನಿಮ್ಮ ಅಪೇಕ್ಷೆ" ಅಂತ ತಲೆಬರಹ ಕೊಟ್ಟಿದ್ದರು. ಕನ್ನಡದಲ್ಲಿ ಅದು ಬಯಕೆ, ಮಲಯಾಳದಲ್ಲಿ ಅರ್ಜಿ. ವಿಲೇಜ್ ಆಫೀಸಿಗೆ 'ಅಪೇಕ್ಷ' ಕೊಟ್ಟು ಕೊಟ್ಟು ಅಭ್ಯಾಸವಾದವರು "ಇದನ್ನು ತುಂಬಿಸಿ ಎಲ್ಲಿಗೆ ಕೊಡಬೇಕು?" ಅಂತ ಕೇಳಿದರು. ಅದರ ಬದಲು 'ನಿರೀಕ್ಷೆ' ಅಂದರೂ ಪೂರ್ತಿ ಸರಿಯಲ್ಲ. ನಾವು ಒಳ್ಳೆಯದನ್ನು ನಿರೀಕ್ಷಿಸುತ್ತೇವೆ, ಬೆನ್ನು ನೋವನ್ನು ಯಾರಾದರೂ ನಿರೀಕ್ಷಿಸುತ್ತಾರಾ? ಹಾಗಾಗಿ ಆ ನಾಮಪದವನ್ನೇ ಬಿಟ್ಟು "ಯೋಗ ಮಾಡಿದರೆ ನನಗೆ ಬೆನ್ನು ನೋವು ಬರಬಹುದು" ಅಂತ ಬರೆಯಿರಿ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ 'ಬಹುದು' ಹೊಂದುತ್ತದೆ. ಹಾಳೆಯ ಮೇಲ್ಗಡೆ, ಇಲ್ಲಿ ಯೋಗ ಎಂದರೆ ಆಸನ, ಪ್ರಾಣಾಯಾಮ, ಧ್ಯಾನ ಅಂತ ಒಂದು ಸಾಲು ಸೇರಿಸಿ.

ಇನ್ನೊಂದು ದೊಡ್ಡ ಹೊಂಡ ಎಂದರೆ 'ಇಲ್ಲ'. "ಕ್ಲಾಸಿಗೆ ಹೋದರೆ ನನಗೆ ನಾಚಿಕೆಯಾಗುವುದಿಲ್ಲ" ಅನ್ನುವ ಹೇಳಿಕೆ, ಪಕ್ಕದಲ್ಲಿ "ಒಪ್ಪುವುದಿಲ್ಲ" ಅನ್ನುವ ಉತ್ತರ. ನಾಚಿಕೆಯೇ ಇಲ್ಲದವರು "ಇಲ್ಲಪ್ಪ, ಎಂತ ನಾಚಿಕೆ" ಅನ್ನುತ್ತಾ "ಒಪ್ಪುವುದಿಲ್ಲ"ಕ್ಕೆ ಗುರುತು ಹಾಕುತ್ತಾರೆ. ಅರ್ಥ ಪೂರ್ತಿ ಉಲ್ಟಾ. "ನಾಚಿಕೆಯಾಗಬಹುದು" ಅಂತ ಮಾಡಿ. ಮೂಲದಲ್ಲೇ 'ಇಲ್ಲ' ಇದ್ದರೆ ತಿರುಗಿಸುವ ಮೊದಲು ಮೂಲ ಲೇಖಕರನ್ನು ಕೇಳಿ, ಅಂಕವನ್ನೂ ತಿರುಗಿಸಿ, ಅಂದರೆ ಹೆಚ್ಚಿನ ಅಂಕ ಕಡಿಮೆಯಾಗಲಿ, ಕಡಿಮೆಯದು ಹೆಚ್ಚಾಗಲಿ. ನಡುವಿನ ಉತ್ತರಕ್ಕೆ 'ತಟಸ್ಥ' ಅನ್ನಬೇಡಿ, "ಒಪ್ಪುವುದೂ ಇಲ್ಲ, ಬಿಡುವುದೂ ಇಲ್ಲ" ಅನ್ನುವುದು ಎಲ್ಲರಿಗೂ ತಿಳಿಯುತ್ತದೆ. ತಿದ್ದಿದ ಮೇಲೆ ಹೊಸ ಜನರ ಹತ್ತಿರ ಮತ್ತೆ ಹೋಗಿ. ಮೊದಲು ಕೇಳಿದವರಿಗೆ ಪಾಠ ಆಗಿರುತ್ತದೆ.

ಹಂತ 6. ಈಗ ದೊಡ್ಡ ಸಂಖ್ಯೆ. ಹೇಳಿಕೆಗೆ ಹತ್ತು ಜನ ಅನ್ನುವ ರೂಢಿಯ ಪ್ರಕಾರ 11ಕ್ಕೆ 110 ಸಾಕು. ನಾನಂತೂ 200ಕ್ಕೆ ಕಡಿಮೆ ಮಾಡಬೇಡಿ ಅನ್ನುತ್ತೇನೆ. ಮಲಯಾಳ ಮಾಧ್ಯಮದಲ್ಲಿ ಓದಿದ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲಾರರು. ಕೆಲವರಿಗೆ ಓದಿ ಹೇಳಿ, ಕೆಲವರ ಕೈಗೆ ಹಾಳೆ ಕೊಟ್ಟರೆ ಎರಡೂ ಬೆರೆತುಹೋಗುತ್ತವೆ. ಎಲ್ಲರಿಗೂ ಓದಿ ಹೇಳುವುದೇ ಒಳ್ಳೆಯದು. ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ತೋರಿಸುವ ಅಂಕೆಗೆ ಕ್ರಾನ್‌ಬಾಕ್ ಆಲ್ಫಾ ಅನ್ನುತ್ತಾರೆ. ಲೆಕ್ಕ ಹಾಕುವಾಗ 'ಕಿರಿಕಿರಿ'ಯ ಹೇಳಿಕೆಗಳ ಅಂಕ ತಿರುಗಿಸದೆ ಎಲ್ಲವನ್ನೂ ಕೂಡಿಸಿದರೆ ಅದು ಪಾತಾಳಕ್ಕೆ ಇಳಿಯುತ್ತದೆ. ಮೂರು ಭಾಗಗಳಿಗೂ ಆಲ್ಫಾವನ್ನು ಬೇರೆ ಬೇರೆ ತೆಗೆಯಿರಿ. 0.70 ದಾಟಿದರೆ ಸರಿ. 0.95 ದಾಟಿದರೆ ಒಂದೇ ಮಾತನ್ನು ಹಲವು ಸಲ ಕೇಳಿದ್ದೀರಿ ಅಂತ ಸಂಶಯ ಪಡಿ. ಮೂಲದ ಮೂರು ಭಾಗ ಕನ್ನಡದಲ್ಲೂ ಹಾಗೇ ನಿಲ್ಲುತ್ತವಾ ಅಂತ ಫ್ಯಾಕ್ಟರ್ ವಿಶ್ಲೇಷಣೆಯಲ್ಲಿ, ಅಂದರೆ ಯಾವ ಹೇಳಿಕೆಗಳು ಒಟ್ಟಿಗೆ ಗುಂಪಾಗುತ್ತವೆ ಅಂತ ತೋರಿಸುವ ಲೆಕ್ಕದಲ್ಲಿ ನೋಡಿ. ಅಂಕೆ ಚೆಂದ ಕಾಣಲಿ ಅಂತ ಹೇಳಿಕೆಗಳನ್ನು ಸುಮ್ನೆ ಕಿತ್ತು ಹಾಕುವುದು ತಪ್ಪು.

ಹಂತ 7. ಅದೇ ಜನರಲ್ಲಿ ಕೆಲವರನ್ನು ಎರಡು ವಾರ ಬಿಟ್ಟು ಮತ್ತೆ ಕೇಳಿ, ಉತ್ತರ ಎಷ್ಟು ಹೊಂದುತ್ತದೆ ನೋಡಿ. ತಾರೀಕು ಇಡುವಾಗ ಜೂನ್ 21ನ್ನು ನಡುವೆ ಸಿಕ್ಕಿಸಬೇಡಿ. 2015ರಿಂದ ಅವತ್ತು ಯೋಗ ದಿನ. ಶಾಲೆ, ಪಂಚಾಯತ್, ಟಿವಿ, ಎಲ್ಲ ಕಡೆ ಅದೇ ಸುದ್ದಿ. ಜನರ ಅಭಿಪ್ರಾಯವೇ ಬದಲಾದರೆ ನಿಮ್ಮ ಪ್ರಶ್ನಾವಳಿ ಗಟ್ಟಿಯಾ ಸಡಿಲವಾ ಅಂತ ಗೊತ್ತಾಗುವುದಿಲ್ಲ. ಅಡಿಕೆ ಕೊಯ್ಲಿನ ಗಡಿಬಿಡಿಯೂ ಇಲ್ಲದ ಎರಡು ವಾರ ಹುಡುಕಿ, ಮೊದಲ ಸಲ ಹೋದಾಗಲೇ "ಇನ್ನೊಮ್ಮೆ ಬರುತ್ತೇನೆ" ಅಂತ ಹೇಳಿ ಫೋನ್ ನಂಬರ್ ತೆಗೆದುಕೊಂಡು ಬನ್ನಿ.