ಹದಿಹರೆಯದವರ ಕಾದಂಬರಿಗೆ ಮುಖಪುಟ ಮಾಡುವಾಗ

ಮುಖಪುಟ ಮಾಡಿಕೊಡಿ ಎಂದು ಬರುವ ಲೇಖಕರಲ್ಲಿ ಹೆಚ್ಚಿನವರು ಕಥೆಯ ಸಾರಾಂಶವನ್ನು ಕಳುಹಿಸಿ, ‘ಒಂದು ಹುಡುಗಿಯ ಚಿತ್ರವಿರಲಿ, ಬಣ್ಣ ಎದ್ದು ಕಾಣಲಿ’ ಎನ್ನುತ್ತಾರೆ. ಸಾರಾಂಶ ಓದಿ ನಾನು ಕೆಲಸಕ್ಕೆ ಕೂರುವುದಿಲ್ಲ. ಇಡೀ ಹಸ್ತಪ್ರತಿಯನ್ನು ಕೇಳಿ ಪಡೆಯುತ್ತೇನೆ. ಕಥೆಯಲ್ಲಿ ಏನೇನು ನಡೆಯುತ್ತದೆ ಎಂಬುದು ಸಾರಾಂಶದಿಂದ ಗೊತ್ತಾಗಬಹುದು. ಆದರೆ ಮುಖಪುಟಕ್ಕೆ ಬೇಕಾದದ್ದು ಎಲ್ಲೋ ನಡುವಿನ ಅಧ್ಯಾಯದ ಒಂದು ಸಾಲಿನಲ್ಲಿ ಕೂತಿರುತ್ತದೆ.

ಓದುವಾಗ ಪೆನ್ಸಿಲ್ ಹಿಡಿದು, ಕಥೆಯಲ್ಲಿ ಬರುವ ವಸ್ತುಗಳಿಗೆಲ್ಲ ಅಡಿಗೆರೆ ಹಾಕುತ್ತಾ ಹೋಗಿ. ಪದೇ ಪದೇ ಕಾಣಿಸಿಕೊಳ್ಳುವ ವಸ್ತು ಯಾವುದು? ಮೊದಲು ಬಂದಾಗ ಅದಕ್ಕಿದ್ದ ಅರ್ಥ ಕೊನೆಯ ಹೊತ್ತಿಗೆ ಬದಲಾಗಿದೆಯೇ? ಬದಲಾಗಿದ್ದರೆ ಮುಖಪುಟ ಅಲ್ಲಿಂದಲೇ ಹುಟ್ಟಬೇಕು.

ಒಂದೇ ಕೋಣೆಯಲ್ಲಿರುವ ಅಕ್ಕ ತಂಗಿಯರ ಕಾದಂಬರಿಯೊಂದಕ್ಕೆ ನಾನು ಕೆಲಸ ಮಾಡಿದ್ದೆ. ಜಗಳವಾಡಿಕೊಂಡ ಇಬ್ಬರೂ ನೆಲಕ್ಕೆ ಹಳದಿ ಟೇಪ್ ಅಂಟಿಸಿ ಕೋಣೆಯನ್ನು ಪಾಲು ಮಾಡಿಕೊಳ್ಳುತ್ತಾರೆ. ಲೇಖಕಿಗೆ ಮುಖಪುಟದಲ್ಲಿ ಇಬ್ಬರ ಮುಖಗಳೂ ಬೇಕಿದ್ದವು. ನಾನು ಟೇಪ್ ಒಂದನ್ನೇ ಉಳಿಸಿಕೊಂಡೆ. ಪುಟದ ನಡುವೆ ತುಸು ಓರೆಯಾಗಿ ಇಳಿಯುವ ಹಳದಿ ಪಟ್ಟಿ, ಅದರ ಒಂದು ಬದಿಗೆ ಕಡುನೀಲಿ, ಇನ್ನೊಂದು ಬದಿಗೆ ಇಟ್ಟಿಗೆ ಕೆಂಪು. ಶೀರ್ಷಿಕೆಯ ಅಕ್ಷರಗಳು ಮಾತ್ರ ಆ ಗಡಿಯನ್ನು ಲೆಕ್ಕಿಸದೆ ಆಚೆಗೂ ಈಚೆಗೂ ಹರಡಿದ್ದವು. ಕೆಳತುದಿಯಲ್ಲಿ ಟೇಪಿನ ಅಂಚು ಸ್ವಲ್ಪ ಎದ್ದಿತ್ತು, ಯಾರೋ ಉಗುರಿನಿಂದ ಕೆದಕಿದ ಹಾಗೆ. ಕೆದಕಿದವರು ಯಾರು ಎಂಬುದೇ ಕಾದಂಬರಿಯ ದ್ವಿತೀಯಾರ್ಧ.

ಮುಖ ಬೇಡವೆಂದದ್ದಕ್ಕೆ ಕಾರಣವಿದೆ. ಹದಿನಾರರ ಓದುಗರು ಪಾತ್ರಕ್ಕೆ ತಮ್ಮದೇ ಮುಖವನ್ನು ಕೊಟ್ಟುಕೊಂಡು ಓದುತ್ತಾರೆ. ನಾವು ಮೊದಲೇ ಒಂದು ಮುಖವನ್ನು ತೋರಿಸಿಬಿಟ್ಟರೆ ಆ ಜಾಗ ಹೋಯಿತು. ಅಲ್ಲದೆ ಚಿತ್ರಸಂಗ್ರಹದ ಜಾಲತಾಣಗಳಲ್ಲಿ ಸಾಮಾನ್ಯ ಪರವಾನಗಿಯಲ್ಲಿ ಕೊಂಡ ಫೋಟೊವನ್ನು ಬೇರೆ ಯಾರು ಬೇಕಾದರೂ ಕೊಳ್ಳಬಹುದು. ನಿಮ್ಮ ನಾಯಕಿ ನಾಳೆ ಇನ್ನೊಂದು ಪುಸ್ತಕದ ಮೇಲೆ ನಗುತ್ತಿರಬಹುದು.

ಈ ಓದುಗರು ಹನ್ನೆರಡರಿಂದ ಹದಿನೆಂಟರ ಒಳಗಿನವರು. ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆಗಳತ್ತ ಅವರ ಕಣ್ಣು. ಚಿಕ್ಕ ಮಕ್ಕಳ ಪುಸ್ತಕದಂತೆ ಉಬ್ಬಿದ ಅಕ್ಷರ, ನಕ್ಷತ್ರ, ಕಾಮನಬಿಲ್ಲು ತುಂಬಿದ ಪುಸ್ತಕವನ್ನು ಸಹಪಾಠಿಗಳ ಎದುರು ಕೈಯಲ್ಲಿ ಹಿಡಿದು ಕೂರಲು ಅವರು ಸಂಕೋಚಪಡುತ್ತಾರೆ. ಆ ಸಂಕೋಚವನ್ನು ಗೌರವಿಸುವುದು ವಿನ್ಯಾಸಕಾರರ ಮೊದಲ ಕರ್ತವ್ಯ ಎಂದು ನಾನು ನಂಬಿದ್ದೇನೆ.

ಅಕ್ಷರಗಳಿಗೆ ನಾನು ಚಿತ್ರದಷ್ಟೇ ಸಮಯ ಕೊಡುತ್ತೇನೆ. ಕನ್ನಡದ ಶೀರ್ಷಿಕೆಯಲ್ಲಿ ಗುಣಿತದ ಚಿಹ್ನೆಗಳು ಮೇಲಕ್ಕೂ ಒತ್ತಕ್ಷರಗಳು ಕೆಳಕ್ಕೂ ಚಾಚುತ್ತವೆ. ಎರಡು ಸಾಲಿನ ಶೀರ್ಷಿಕೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಅಂತರವನ್ನು ಹೆಚ್ಚಿಸಿದರೆ ತಾಗುವುದು ತಪ್ಪುತ್ತದೆ, ಆದರೆ ಶೀರ್ಷಿಕೆ ಚದುರಿದಂತೆ ಕಾಣುತ್ತದೆ. ನಾನು ಕೆಳಸಾಲನ್ನು ಎಡಕ್ಕೋ ಬಲಕ್ಕೋ ಸರಿಸಿ, ಒತ್ತು ಎರಡು ಅಕ್ಷರಗಳ ನಡುವಿನ ಸಂದಿಗೆ ಇಳಿಯುವಂತೆ ಮಾಡುತ್ತೇನೆ. ಆಗ ಎರಡೂ ಸಾಲುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಬಲೂ ತಮ್ಮ, ಅಕಾಯ ಕನಡಕದಂಥ ಮುಕ್ತ ಪರವಾನಗಿಯ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಅವುಗಳನ್ನು ಅಡಿಪಾಯವಾಗಿಟ್ಟುಕೊಂಡು ಒಂದೆರಡು ಅಕ್ಷರಗಳನ್ನು ಕೈಯಿಂದ ತಿದ್ದಿದರೂ ಸಾಕು, ಪುಸ್ತಕಕ್ಕೆ ಸ್ವಂತ ದನಿ ಬರುತ್ತದೆ. ಫೋಟೊಶಾಪಿನಲ್ಲಿ ಒತ್ತಕ್ಷರ ಒಡೆದು ಕಾಣಿಸಿದರೆ ಫಾಂಟನ್ನು ದೂರುವ ಮೊದಲು, ಭಾರತೀಯ ಲಿಪಿಗಳಿಗೆ ಹೊಂದುವ ಪಠ್ಯ ಸಂಯೋಜಕವನ್ನು (ಅಕ್ಷರಗಳನ್ನು ಜೋಡಿಸುವ ‘ಕಂಪೋಸರ್’ ಆಯ್ಕೆ) ಆಯ್ದುಕೊಂಡಿದ್ದೀರಾ ಎಂದು ನೋಡಿ.

ಬಣ್ಣ ಎರಡೋ ಮೂರೋ ಸಾಕು. ಇಡೀ ಪುಟವನ್ನು ಒಮ್ಮೆ ಕಪ್ಪು ಬಿಳುಪಿಗೆ ತಿರುಗಿಸಿ. ಶೀರ್ಷಿಕೆ ಹಿನ್ನೆಲೆಯಲ್ಲಿ ಕರಗಿಹೋದರೆ ಬಣ್ಣಗಳ ತಿಳಿ ಕಡುಗಳಲ್ಲಿ ಅಂತರ ಸಾಲದು. ಮೊಬೈಲ್ ಪರದೆಯ ಮೇಲೆ ಪುಸ್ತಕ ಹೆಬ್ಬೆರಳಿನ ಉಗುರಿನಷ್ಟೇ ಕಾಣುವುದರಿಂದ ಅಷ್ಟಕ್ಕೇ ಕುಗ್ಗಿಸಿಯೂ ನೋಡಬೇಕು. ಅಕ್ಕ ತಂಗಿಯರ ಮುಖಪುಟದಲ್ಲಿ ಆ ಗಾತ್ರಕ್ಕೆ ಹಳದಿ ಪಟ್ಟಿ ಮತ್ತು ಶೀರ್ಷಿಕೆ ಉಳಿದವು, ಎದ್ದ ಅಂಚು ಮಾಯವಾಯಿತು. ಅದನ್ನು ದೊಡ್ಡದು ಮಾಡಲು ನಾನು ಹೋಗಲಿಲ್ಲ. ಪುಸ್ತಕವನ್ನು ಕೈಗೆತ್ತಿಕೊಂಡವರಿಗಾಗಿಯೇ ಒಂದು ಗುಟ್ಟು ಇರಲಿ.

ಕರಡು ಸಿದ್ಧವಾದ ಮೇಲೆ ಆ ವಯಸ್ಸಿನ ನಾಲ್ಕೈದು ಮಂದಿಗೆ ತೋರಿಸಿ. ‘ಚೆನ್ನಾಗಿದೆಯೇ’ ಎಂದು ಕೇಳಿದರೆ ಹೌದು ಎಂದೇ ಹೇಳುತ್ತಾರೆ, ನಿಮ್ಮ ಮನಸ್ಸು ನೋಯಿಸಲು ಅವರಿಗೆ ಇಷ್ಟವಿರುವುದಿಲ್ಲ. ‘ಒಳಗೆ ಎಂಥ ಕಥೆ ಇರಬಹುದು’ ಎಂದು ಕೇಳಿ. ಮನಕಲಕುವ ಕಥೆಯನ್ನು ಅವರು ಪತ್ತೇದಾರಿ ಎಂದು ಊಹಿಸಿದರೆ ಮತ್ತೆ ಕೂರಬೇಕು. ಸುಳ್ಳು ನಿರೀಕ್ಷೆ ಹುಟ್ಟಿಸಿದ ಮುಖಪುಟವನ್ನು ಈ ಓದುಗರು ಕ್ಷಮಿಸುವುದಿಲ್ಲ.

ಉಳಿದದ್ದು ಮುದ್ರಣದ ಲೆಕ್ಕ. ಕಿಂಡಲ್ ಇ-ಪುಸ್ತಕಕ್ಕೆ 2560 ಪಿಕ್ಸೆಲ್ ಎತ್ತರ, 1600 ಪಿಕ್ಸೆಲ್ ಅಗಲ. ಅಚ್ಚಿಗಾದರೆ 300 ಡಿಪಿಐ (ಒಂದು ಅಂಗುಲಕ್ಕೆ 300 ಚುಕ್ಕೆ), ಕತ್ತರಿಸುವ ಅಂಚಿನಾಚೆಗೆ ಸಾಮಾನ್ಯವಾಗಿ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸಿದಾಗ ಬಿಳಿ ಅಂಚು ಉಳಿಯದಂತೆ ಚಾಚಿಸಿದ ಹೆಚ್ಚುವರಿ ಚಿತ್ರ. ಪರದೆಯ ಮೇಲೆ ಮಿಂಚುವ ಕಡುಗುಲಾಬಿ, ಎಳೆಹಸಿರುಗಳು ನಾಲ್ಕು ಶಾಯಿಯ ಮುದ್ರಣದಲ್ಲಿ ಮಂಕಾಗುತ್ತವೆ, ಹಾಗಾಗಿ ಮೊದಲಿನಿಂದಲೇ ಸಿಎಂವೈಕೆಯಲ್ಲಿ, ಅಂದರೆ ಆ ನಾಲ್ಕು ಶಾಯಿಗಳ ಬಣ್ಣಪದ್ಧತಿಯಲ್ಲಿ, ಬಣ್ಣ ಪರೀಕ್ಷಿಸುತ್ತಿರಿ. ಪುಸ್ತಕದ ಬೆನ್ನಿನ ಅಗಲ ಪುಟಸಂಖ್ಯೆ ಮತ್ತು ಕಾಗದದ ದಪ್ಪದ ಮೇಲೆ ನಿಂತಿದೆ. ಒಳಪುಟಗಳ ಜೋಡಣೆ ಮುಗಿಯುವವರೆಗೆ ಬೆನ್ನನ್ನು ಅಂತಿಮಗೊಳಿಸಬೇಡಿ; ಮುಗಿದ ಮೇಲೆ ಮುದ್ರಕರಿಂದಲೇ ಅಳತೆ ಕೇಳಿ ಪಡೆದು, ಒಂದು ಮಾದರಿ ಪ್ರತಿ ಅಚ್ಚು ಹಾಕಿಸಿ ನೋಡಿದ ನಂತರವಷ್ಟೇ ಒಪ್ಪಿಗೆ ಕೊಡಿ.